ಎರಡು ಸುಗ್ಗಿಯ ಪಕ್ಷ

ನಮ್ಮ ಮನೆಯವರ ಪಕ್ಷ ಬದುಕಿದ್ದು ಎರಡೇ ಸುಗ್ಗಿ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಕಮ್ಯುನಿಸ್ಟರೂ ಅಲ್ಲ, ಆಳುವವರೂ ಅಲ್ಲ, ನಡುವೆ ನಿಂತು ಸ್ವಲ್ಪ ಎಡಕ್ಕೆ ವಾಲಿದ್ದ ಪಕ್ಷ. ಸೊರಬದ ನಮ್ಮ ಜಗುಲಿಯೇ ಕಚೇರಿ, ಇವರೇ ಕಾರ್ಯದರ್ಶಿ, ಬಂದವರಿಗೆಲ್ಲ ಅವಲಕ್ಕಿ ಕಲಸುವವಳು ನಾನು. ಸಮಾಜವಾದ ಬರುತ್ತದೆ ಎನ್ನುತ್ತಿದ್ದರು, ಬರುತ್ತಿದ್ದವರು ಭಾಷಣಕಾರರು. ನಲವತ್ತೆರಡರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಈಸೂರಿನ ಹೆಸರೆತ್ತದೆ ಒಬ್ಬರೂ ಬಾಯಿ ತೆರೆಯುತ್ತಿರಲಿಲ್ಲ. ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಈಗ ನೆನೆದರೂ ಸುಸ್ತಾಗುತ್ತದೆ.

ಒಂದು ಮಾತು ಮಾತ್ರ ನನಗೂ ಹಿಡಿಸಿತ್ತು. ಗೇಣಿ ಭತ್ತವನ್ನು ಧಣಿಯ ಅಂಗಳಕ್ಕೆ ಹೊರಬೇಡಿ, ನಿಮ್ಮ ಕಣದಲ್ಲೇ ಅಳೆಯಲಿ, ಸಾಕ್ಷಿಗೆ ನಾನು ನಿಲ್ಲುತ್ತೇನೆ ಎಂದು ಇವರು ಊರೂರಲ್ಲಿ ಹೇಳಿದ್ದರು. ಧಣಿಯ ಅಂಗಳದಲ್ಲಿ ಅಳೆಯುವ ಕೊಳಗಕ್ಕೆ ಹೊಟ್ಟೆ ದೊಡ್ಡದು!

ಆನವಟ್ಟಿ ಕಡೆಯ ಒಬ್ಬ ರೈತ ನಂಬಿದ. ಕಣದಲ್ಲೇ ರಾಶಿ ಮಾಡಿ, ಸುತ್ತ ಬೂದಿ ಗೆರೆ ಎಳೆದು ಕೂತ. ಗೆರೆ ಎಳೆದ ಮೇಲೆ ಅಳತೆಯಾಗುವ ತನಕ ಒಂದು ಹಿಡಿಯನ್ನೂ ಮನೆಗೆ ಒಯ್ಯುವಂತಿಲ್ಲ. ಧಣಿ ಬರಲೇ ಇಲ್ಲ; ಗದ್ದೆ ಬಿಡಿಸುತ್ತೇನೆ ಎಂದು ಹೇಳಿಕಳಿಸಿದರು. ಕೊನೆಗೆ ರೈತನ ಹೆಂಡತಿ ನಮ್ಮ ಜಗುಲಿಗೆ ಬಂದಳು.

“ರಾಶಿ ಎದುರಿಗಿಟ್ಕಂಡು ಮಕ್ಳಿಗೆ ಗೆಣಸು ಬೇಯಿಸ್ತಿದೀನಿ ಅಮ್ಮ. ಅಯ್ಯೋರನ್ನ ಬೇಗ ಕಳ್ಸಿ.”

ಕಳಿಸುತ್ತೇನೆ ಎಂದೆ. ಇವರು ಶಿಕಾರಿಪುರದ ಸಭೆಗೆ ಹೋಗಿದ್ದರು.

ಮರುದಿನ ಬಂದರು, ಕೊರಳಲ್ಲಿ ಹಾರ. ಪಕ್ಷ ಆಳುವ ಪಕ್ಷದಲ್ಲಿ ವಿಲೀನವಾಯಿತಂತೆ! “ಇನ್ನು ಒಳಗಿದ್ದೇ ಕೆಲ್ಸ ಮಾಡ್ಬೇಕು ಕಣೇ,” ಎಂದರು. ನನಗೆ ಸಿಟ್ಟು ನೆತ್ತಿಗೇರಿತು. “ಕೆಲ್ಸ ಆನವಟ್ಟಿ ಕಣದಲ್ಲಿದೆ, ಏಳಿ ಮೊದ್ಲು,” ಎಂದೆ.

ಇವರನ್ನು ಕರೆತಂದ ಜೀಪು ಬಾಗಿಲಲ್ಲೇ ನಿಂತಿತ್ತು. ಅದು ಅದೇ ಧಣಿಯದು, ಅವರೂ ಒಳಗೇ ಕೂತಿದ್ದರು. ಆಳುವ ಪಕ್ಷದ ಮುಖಂಡರು ಅವರು. ಇವರು ಹತ್ತಿದರು. ಬಸ್ಸಿನ ಹೊತ್ತು ಮೀರಿತ್ತು, ನಾನೂ ಹತ್ತಿದೆ.

ಕಣದಲ್ಲಿ ಇಳಿದ ಧಣಿ ನಗುತ್ತ, “ಏನಪ್ಪಾ, ನಿನ್ನ ಸಾಕ್ಷೀನ ನಾನೇ ಕರ್ಕಂಡು ಬಂದೀನಿ. ಅಳೆ ಮತ್ತೆ,” ಎಂದರು. ರೈತ ಇವರ ಮುಖ ನೋಡಿದ. ಇವರು ಕನ್ನಡಕ ಒರೆಸಿಕೊಂಡರು. ಅವನು ಬಗ್ಗಿ ಕೈಯಿಂದ ಬೂದಿ ಗೆರೆ ಅಳಿಸಿ, ಗಾಡಿ ಕಟ್ಟಲು ಹೊರಟ.

“ಇಲ್ಲೇ ಅಳೀಬಹುದಲ್ಲಪ್ಪ,” ಎಂದರು ಇವರು.

“ಬ್ಯಾಡ್ರೀ ಅಯ್ಯಾ. ಧಣೇರ ಅಂಗಳಕ್ಕೇ ಹಾಕ್ತೀನಿ. ಅಲ್ಲಾದ್ರೆ ಯಾರು ಯಾರ ಕಡೆ ಅಂತ ಗೊತ್ತಿರ್ತದೆ.”

ಅವನ ಹೆಂಡತಿ ಭತ್ತ ತುಂಬಲು ಚೀಲ ಬಿಡಿಸಿದಳು. ಇನ್ನೊಂದು ತುದಿ ಹಿಡಿಯಲು ನಾನು ಕೈ ಚಾಚಿದೆ.

“ನೀವು ಜೀಪಲ್ಲಿ ಕೂತ್ಕಳಿ ಅಮ್ಮ,” ಎಂದಳು.