ಚಳಿಗೆ ಸೆಟೆದ ಮಾತು

ಬೈಂಡರಣ್ಣನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಆದರೂ ಅವನಷ್ಟು ಮಾತುಗಾರ ಆ ಬೀದಿಯಲ್ಲೇ ಇಲ್ಲವೆಂದು ಅವನ ಹೆಂಡತಿ ಆಣೆಯಿಟ್ಟು ಹೇಳುತ್ತಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಇಬ್ಬರೂ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಪ್ರೆಸ್ಸಿನಲ್ಲಿ ದಿನವಿಡೀ ಪುಸ್ತಕ ಹೊಲಿದು, ರಟ್ಟು ಅಂಟಿಸಿ ಬರುವನು. ಅಕ್ಷರ ಮಾತ್ರ ಒಂದೂ ಗೊತ್ತಿಲ್ಲ. ಸಂಜೆ ಕೈಕಾಲು ತೊಳೆದು ಕೂತನೆಂದರೆ ಮುಗಿಯಿತು. ಮಾಲೀಕರು ಹೊಟ್ಟೆ ಮುಂದೆ ಬಿಟ್ಟು ನಡೆಯುವುದು, ಪ್ರೂಫ್ ನೋಡುವವರು ಕೂತಲ್ಲೇ ತೂಕಡಿಸುವುದು, ಎಲ್ಲವೂ ಹತ್ತು ಬೆರಳಲ್ಲಿ. ಅವಳು ಸೌಟು ಹಿಡಿದುಕೊಂಡೇ ಹೊಟ್ಟೆ ಹುಣ್ಣಾಗುವಂತೆ ನಗುವಳು.

ಐವತ್ತೈದಕ್ಕೆ, ಒಂದು ಚಳಿಗಾಲ, ಅವನ ಬೆರಳ ಗಿಣ್ಣುಗಳು ಊದಿದವು. ಬೆಳಿಗ್ಗೆ ಎದ್ದರೆ ಕೈ ಮರದ ತುಂಡು. ಅವಳು ಬೋಗುಣಿಯಲ್ಲಿ ಬಿಸಿನೀರಿಟ್ಟು, ಅರ್ಧ ಗಂಟೆ ಅದ್ದಿಸಿ, ಒಂದೊಂದೇ ಬೆರಳು ಬಿಡಿಸುವಳು. ಬೇಸಿಗೆಯಲ್ಲಿ ಸಡಿಲವಾಯಿತು. ಮುಂದಿನ ಚಳಿಗೆ ಇನ್ನೂ ಬಿಗಿ. ಅದರ ಮುಂದಿನದಕ್ಕೆ ಸೂಜಿಯೇ ಕೈಯಲ್ಲಿ ನಿಲ್ಲಲಿಲ್ಲ. ಮಾಲೀಕರು ಒಳ್ಳೆಯವರು, ಬಾಗಿಲ ಬಳಿ ಕೂತು ಬಂದ ಕಾಗದ ನೋಡಿಕೊಳ್ಳಲು ಹೇಳಿದರು.

ಹೊಲಿಗೆಯ ಕೆಲಸ ಕೈಬಿಟ್ಟು ಹೋದದ್ದನ್ನು ಅವಳು ಹೇಗೋ ನುಂಗಿಕೊಂಡಳು. ಒಂದು ಬೆಳಿಗ್ಗೆ ಅವನು ಏನೋ ಹೇಳಲು ಹೊರಟ. ಬೆರಳು ಬಗ್ಗಲಿಲ್ಲ. ಅವಳು ನೀರು ತಂದಳು, ಅಲ್ಲ. ಕಂಬಳಿ ತಂದಳು, ಅಲ್ಲ. ಮುಲಾಮು ತಂದಳು. ಅವನು ಕೈಯನ್ನು ಗೋಡೆಗೆ ಅಪ್ಪಳಿಸಿ ಮುಖ ತಿರುಗಿಸಿಕೊಂಡ. ಏನು ಹೇಳಹೊರಟಿದ್ದನೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ದಳು. ಇದು ಕೀಲುವಾತ, ತುಂಬ ತಡವಾಗಿ ಬಂದಿದ್ದೀರಿ ಎಂದರು ಡಾಕ್ಟರು.

"ಚಳಿಯಿಂದ ಬಂದ ಕಾಯಿಲೆ ಅಲ್ಲಮ್ಮ. ಚಳಿಗೆ ಬಿಗಿ ಜಾಸ್ತಿ ಆಗುತ್ತೆ ಅಷ್ಟೆ. ಕೈ ಬೆಚ್ಚಗಿರಲಿ, ಯಾವಾಗಲೂ ಗ್ಲೌಸ್ ಹಾಕಿಸಿ."

"ಗ್ಲೌಸ್ ಹಾಕಿದ್ರೆ ಮಾತಾಡೋದು ಹೇಗೆ ಸಾರ್?"

ಡಾಕ್ಟರು ಅವನ ಕೈ ನೋಡಿದರು, ಆಮೇಲೆ ಮಾತ್ರೆಯ ಚೀಟಿ ಬರೆದರು.

ಮಾತ್ರೆಯಿಂದ ನೋವು ಕಮ್ಮಿಯಾಯಿತು. ಸೊಟ್ಟಗಾದ ಬೆರಳು ನೆಟ್ಟಗಾಗಲಿಲ್ಲ. ಬೇಸಿಗೆ ಬಂದು ಬೀದಿಯೆಲ್ಲ ಬೆವರಿದರೂ ಅವನ ಕೈ ಮಡಿಲಲ್ಲಿ ಹಾಗೇ ಬಿದ್ದಿರುತ್ತಿತ್ತು. ಅವಳು ಕೈಯಲ್ಲಿ ಕೇಳುವಳು, ಅವನು ತಲೆಯಾಡಿಸುವನು. ಊಟ? ಹೂಂ. ನಿದ್ದೆ? ಹೂಂ.

ಒಂದು ದಿನ, ಅವನು ಇಪ್ಪತ್ತು ವರ್ಷದಿಂದ ಮುಖ ನೋಡದ ತನ್ನ ತಮ್ಮನನ್ನು ಮನೆಗೆ ಕರೆಸಲಾ ಎಂದು ಕೆಣಕಲೆಂದೇ ಕೇಳಿದಳು. ಆ ತಮ್ಮನ ಹೆಸರೆತ್ತಿದರೆ ಅವನು ಭೂಮಿ ಆಕಾಶ ಒಂದು ಮಾಡುತ್ತಿದ್ದವನು. ರೇಗಲಿ, ಪಾತ್ರೆ ಒದೆಯಲಿ, ಅಷ್ಟಾದರೆ ಸಾಕಿತ್ತು ಅವಳಿಗೆ.

ಅವನು ಅದಕ್ಕೂ ತಲೆಯಾಡಿಸಿದ.