ಸ್ಟೇಷನ್ ದಾಟಿ ಬರಬೇಕು

ಚನ್ನಗಿರಿಯ ನನ್ನ ಫೋಟೋ ಸ್ಟುಡಿಯೋಗೆ ಸಾಲಾಗಿ ನಾಬ್‌ಗಳಿರುವ ಪುಟ್ಟ ಪೆಟ್ಟಿಗೆಯೊಂದನ್ನು ತರಿಸಿದ್ದೆ. ಕಂಪ್ಯೂಟರಿಗೆ ಜೋಡಿಸಿದರೆ ಮೌಸ್ ಮುಟ್ಟದೆಯೇ ಒಂದು ನಾಬ್‌ನಿಂದ ಫೋಟೋದ ಬೆಳಕನ್ನೂ ಇನ್ನೊಂದರಿಂದ ಬಣ್ಣವನ್ನೂ ಹೆಚ್ಚುಕಡಿಮೆ ಮಾಡಬಹುದು. ವಾರ ಕಳೆದರೂ ಆ ಹಾಳು ಪೆಟ್ಟಿಗೆ ನನಗೆ ಒಗ್ಗಲಿಲ್ಲ. ಪರದೆಯ ಮೂಲೆಯ ಅಂಕಿ ನೋಡಿಕೊಂಡು ಚೂರುಚೂರೇ ತಿರುಗಿಸಿ, ಸಿಟ್ಟು ಬಂದು ಮತ್ತೆ ಮೌಸ್ ಹಿಡಿಯುತ್ತಿದ್ದೆ.

ಪಕ್ಕದಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುವ ಚಾಚಾ ಒಂದು ಮಧ್ಯಾಹ್ನ ಚಹಾ ಲೋಟ ಹಿಡಿದು ಬಂದರು. ನಾಬ್‌ಗಳನ್ನು ಕಂಡದ್ದೇ ಅವರ ಮುಖ ಅರಳಿತು.

"ನಾನೊಂದ್ಸಲ ತಿರುಗಿಸ್ಲೇನ್ರೀ?"

ಬೆಳಕಿನ ನಾಬ್ ಹಿಡಿದು, ಕಣ್ಣು ಮುಚ್ಚಿ, ಕತ್ತು ವಾಲಿಸಿ ತಿರುಗಿಸತೊಡಗಿದರು. ಪರದೆಯ ಮೇಲಿದ್ದ ಮದುಮಗಳು ಸುಣ್ಣ ಬಳಿದ ಗೋಡೆಯಂತಾದಳು.

"ಚಾಚಾ, ಕಣ್ಣು ಬಿಡ್ರಿ! ಇದು ಫೋಟೋ, ಹಾಡಲ್ಲ!"

ಚಹಾ ಚೆಲ್ಲುವಷ್ಟು ನಕ್ಕೆವು. ಆಮೇಲೆ ಅವರು ಪರದೆ ನೋಡುತ್ತಾ ಹಿಂದಕ್ಕೆ ತಿರುಗಿಸಿದರು. ಅವಳ ಮುಖ ಕಪ್ಪಾಗುವವರೆಗೂ ಹೋಗಿ, ಕೂದಲೆಳೆಯಷ್ಟು ಮುಂದೆ ಬಂದು ನಿಂತರು. ಮದುಮಗಳ ಕೆನ್ನೆಯ ಅರಿಶಿನ ಹೊಳೆಯಿತು.

"ಅಂಕಿ ಯಾಕೆ ನೋಡ್ತೀರಿ? ರೇಡಿಯೋದಾಗೆ ಸ್ಟೇಷನ್ ಹುಡ್ಕಾಕೆ ಒಂದೀಟು ದಾಟಿ ಹೋಗ್ಬೇಕು, ಆಮ್ಯಾಲೆ ವಾಪಸ್ ಬರ್ಬೇಕು. ಎಲ್ಲೈತೆ ಅಂತ ಆಗ್ಲೇ ಗೊತ್ತಾಗೋದು."

ಅಂದೇ ಪರದೆಯ ಆ ಅಂಕಿಗಳ ಮೇಲೆ ಕಾಗದ ಅಂಟಿಸಿಬಿಟ್ಟೆ. ಈಗ ನನ್ನ ಕೈ ತಾನೇ ದಾಟಿ ಹೋಗುತ್ತದೆ, ತಾನೇ ಮರಳುತ್ತದೆ. ಬೆಳಕು ಸರಿಯಾಗಿ ಕೂತ ಕೂಡಲೇ ಗೋಡೆ ತಟ್ಟಿ, "ಚಾಚಾ, ಸಿಕ್ತು!" ಎಂದು ಕೂಗುತ್ತೇನೆ. ಯಾವ ಫೋಟೋ ಎಂದೂ ಕೇಳದೆ ಅವರು ಆಚೆಯಿಂದ ರೇಡಿಯೋದ ದನಿ ಏರಿಸುತ್ತಾರೆ.