ವೈನಿ ಕಲಿತ ‘ಪರ್ಫೆಕ್ಟ್ಲಿ’

ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಖಾನಾಪುರದಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ, ಮನೆ ಅದೇ ಊರಿನ ವಡಗಾವಿಯಲ್ಲಿ. ವೈನಿಯ ಹೊಲಿಗೆಯ ಹೆಸರು ಬಾಯಿಂದ ಬಾಯಿಗೆ ಹಬ್ಬಿ, ಬೆಳಗಾವಿ ಕ್ಯಾಂಪಿನ ಮಿಲಿಟರಿ ಸಾಹೇಬರ ಹೆಂಡಂದಿರೂ ಬಟ್ಟೆ ಕೊಡತೊಡಗಿದರು. ಅವರಿಗೆ ಕನ್ನಡವೂ ಬಾರದು, ಮರಾಠಿಯೂ ಬಾರದು. ಅಳತೆ ತೆಗೆಯಲು ವೈನಿ ವಾರಕ್ಕೊಮ್ಮೆ ರೈಲು ಹತ್ತಿ ನನ್ನ ಮನೆಗೆ ಬರುತ್ತಿದ್ದಳು. ಅವರೂ ಅಲ್ಲಿಗೇ ಬರುತ್ತಿದ್ದರು.

“ಚಲೋ ಕುಂತೈತಿ ಅನ್ನಾಕ ಇಂಗ್ಲಿಷಿನ್ಯಾಗ ಏನ್ ಅಂತಾರವಾ?” ಎಂದು ಒಮ್ಮೆ ಕೇಳಿದಳು.

“ಇಟ್ ಫಿಟ್ಸ್ ಪರ್ಫೆಕ್ಟ್ಲಿ ಅನ್ರಿ.”

“ಬರೇ ಪರ್ಫೆಕ್ಟ್ ಅಂದ್ರ?”

“ಬ್ಲೌಸು ಪರ್ಫೆಕ್ಟ್, ವೈನಿ. ಅದು ಮೈಮ್ಯಾಲೆ ಕುಂದ್ರೂದು ಪರ್ಫೆಕ್ಟ್ಲಿ.”

“ಅಂದ್ರ ಬ್ಲೌಸಿಗೊಂದು, ಕುಂದ್ರೂದಕ್ಕೊಂದು!” ಎಂದು ನಕ್ಕಳು.

ಆಮೇಲೆ ಆ ಮಾತಿನ ರುಚಿ ಹತ್ತಿತು. ಅಣ್ಣ ಫೋನಿನಲ್ಲಿ ಏನೋ ಉದ್ದಕ್ಕೆ ಹೇಳುತ್ತಿದ್ದರೆ “ಐ ಅಂಡರ್‌ಸ್ಟ್ಯಾಂಡ್ ಪರ್ಫೆಕ್ಟ್ಲಿ” ಎಂದುಬಿಡುತ್ತಿದ್ದಳು. “ಏನಂತ ಬೈದಿ ನನಗ?” ಎಂದು ಅವನು ಆ ಕಡೆಯಿಂದ ಕೂಗುವುದು ನನಗೂ ಕೇಳಿಸುತ್ತಿತ್ತು.

ಒಂದು ವಾಕ್ಯ ಮಾತ್ರ ಆಕೆಗೆ ಒಗ್ಗಲಿಲ್ಲ: ಐ ಆಮ್ ಪರ್ಫೆಕ್ಟ್ಲಿ ಆಲ್ ರೈಟ್. “ಆರಾಮ ಅದೀನಿ ಅಂದ್ರ ಸಾಲೂದಿಲ್ಲೇನು? ಅದರಾಗ ಮತ್ತ ಪರ್ಫೆಕ್ಟ್ಲಿ ಯಾಕ?”

“ಎದುರಿಗಿದ್ದವರು ನಂಬವಲ್ರು ಅನ್ನಿಸಿದಾಗ ಹಂಗ ಅಂತಾರ್ರಿ” ಎಂದಿದ್ದೆ.

ಒಂದು ಮಳೆಗಾಲದಲ್ಲಿ, ಗಿರಾಕಿಯೊಬ್ಬರ ಹೆಗಲ ಮೇಲೆ ಪಿನ್ನು ಚುಚ್ಚುವಾಗ ಆಕೆಯ ಬಲಗೈ ನಡುಗಿತು. ಪಿನ್ನು ನೆಲಕ್ಕೆ ಬಿತ್ತು. ಎತ್ತಿಕೊಟ್ಟೆ, ಮತ್ತೆ ಬಿತ್ತು. “ಥಂಡಿ ಭಾಳ ಐತಿ” ಎಂದಳು. ಆ ಹೆಂಗಸು ಹುಷಾರಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ, ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ವೈನಿ ಆ ಒಗ್ಗದ ವಾಕ್ಯವನ್ನೇ ಹೇಳಿದಳು. ಹಟ ಹಿಡಿದು ಡಾಕ್ಟರರ ಕಡೆ ಕರೆದೊಯ್ದೆ.

ಅವರು ಆಕೆಯನ್ನು ನಡೆಸಿ ನೋಡಿದರು, ಬೆರಳು ಕೂಡಿಸಿ ಬಿಡಿಸಲು ಹೇಳಿದರು, ಹಾಳೆಯ ಮೇಲೆ ಸುರುಳಿ ಬರೆಸಿದರು. ಸುರುಳಿ ಗರಗಸದ ಹಲ್ಲಿನಂತೆ ಬಂತು. ಆಮೇಲೆ ನನ್ನ ಕಡೆ ತಿರುಗಿ, ಆಕೆಗೆ ತಿಳಿಯದಿರಲೆಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳತೊಡಗಿದರು: ಇದು ನರಗಳ ಕಾಯಿಲೆ, ಪೂರಾ ವಾಸಿಯಾಗುವುದಿಲ್ಲ, ಗುಳಿಗೆಯಿಂದ ಕೆಲವು ವರ್ಷ ತಡೆಯಬಹುದು, ಸೂಜಿಯ ಕೆಲಸ ಮೊದಲು ಬಿಡಬೇಕಾಗುತ್ತದೆ.

“ಐ ಅಂಡರ್‌ಸ್ಟ್ಯಾಂಡ್ ಪರ್ಫೆಕ್ಟ್ಲಿ, ಡಾಕ್ಟರ್” ಎಂದಳು ವೈನಿ.

ಡಾಕ್ಟರರು ಪೆನ್ನು ಕೆಳಗಿಟ್ಟರು. “ಕ್ಷಮಿಸ್ರಿ ಅವ್ವಾರ” ಎಂದು, ಮೊದಲಿನಿಂದ ಎಲ್ಲವನ್ನೂ ಆಕೆಗೇ ಕನ್ನಡದಲ್ಲಿ ಹೇಳಿದರು. ಆಕೆ ಒಂದೇ ಒಂದು ಪ್ರಶ್ನೆ ಕೇಳಿದಳು. “ಇದು ಮಕ್ಕಳಿಗೆ ಬರತೈತೇನ್ರಿ?” ಬಹಳ ಮಟ್ಟಿಗೆ ಇಲ್ಲ ಎಂದರು.

ಆ ಸಂಜೆ ನಾನೂ ಆಕೆಯ ಜೊತೆ ಖಾನಾಪುರಕ್ಕೆ ಹೊರಟೆ. ರೈಲು ದೇಸೂರ ಸ್ಟೇಶನ್ ದಾಟಿತು. ಆಮೇಲೆ, “ನಿಮ್ಮಣ್ಣಗ ನಾನ ಹೇಳ್ತೀನಿ. ನೀ ಅಳಬ್ಯಾಡ, ನಿನ್ನ ಮಾರಿ ನೋಡಿದ್ರ ಅವರು ಅರ್ಧಾ ಹೆದರತಾರ” ಎಂದಳು.

ಮರುವರ್ಷದ ಹೊತ್ತಿಗೆ ಆಕೆ ಹೊಲಿಗೆ ಬಿಟ್ಟಳು. ಮಷಿನ್ನನ್ನು ಬಾಜು ಮನೆಯ ಹುಡುಗಿಗೆ ಕೊಟ್ಟಳು. ಅದರ ಸದ್ದು ಗೋಡೆಯಾಚೆಯಿಂದ ಕೇಳಿಬಂದಾಗ, ಮಾತು ಬಿಟ್ಟು ಅತ್ತ ಕಿವಿಗೊಡುತ್ತಾಳೆ. ನನ್ನ ತರಗತಿಯಲ್ಲಿ ವಿದ್ಯಾರ್ಥಿಗಳು ‘ಪರ್ಫೆಕ್ಟ್ಲಿ’ ಬಳಸಿ ವಾಕ್ಯ ಮಾಡುವಾಗ ನಾನು ಕಿಟಕಿಯ ಕಡೆ ತಿರುಗಿಕೊಳ್ಳುತ್ತೇನೆ.

ಹೋದ ಭಾನುವಾರ ಖಾನಾಪುರಕ್ಕೆ ಹೋಗಿದ್ದೆ. ಒಳಗಿನ ಕೋಣೆಯಲ್ಲಿ ಅಣ್ಣ, ದೊಡ್ಡ ಬೆರಳಿನ ಅವಸರದ ಮನುಷ್ಯ, ಆಕೆಯ ಬ್ಲೌಸಿನ ಹುಕ್ಕು ಹಾಕುತ್ತಿದ್ದ.

“ಒಂದ ಹುಕ್ಕು ತಪ್ಪೇತಿ ನೋಡ್ರಿ. ಕೆಳಗಿಂದ ಸುರು ಮಾಡ್ರಿ.”

ಅವನು ಎಲ್ಲವನ್ನೂ ಬಿಚ್ಚಿ ಕೆಳಗಿನಿಂದ ಮತ್ತೆ ಹಾಕತೊಡಗಿದ. ಆಕೆ ಗದ್ದ ಮೇಲೆತ್ತಿ ನಿಂತಿದ್ದಳು. ನಾನು ಅಡಿಗೆ ಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ.